ಪ್ಯಾಪ್ ನಾರ್ಮಲ್, ಎಚ್‌ಪಿವಿ ಪಾಸಿಟಿವ್: ಎರಡೂ ಸರಿ ಇರೋದು ಹೇಗೆ?

ಕೈಯಲ್ಲಿ ಎರಡು ರಿಪೋರ್ಟ್ ಇದೆ ಅಂದುಕೊಳ್ಳಿ, ಎರಡೂ ಗರ್ಭಕಂಠದ ಕ್ಯಾನ್ಸರಿನ ಸುಳಿವು ಹುಡುಕುವ ಟೆಸ್ಟಿನವು. ಒಂದರಲ್ಲಿ ಪ್ಯಾಪ್ ಸ್ಮಿಯರ್ ನಾರ್ಮಲ್ ಅಂತಿದೆ. ಇನ್ನೊಂದರಲ್ಲಿ ಎಚ್‌ಪಿವಿ ಪಾಸಿಟಿವ್ ಅಂತಿದೆ. ಎರಡೂ ಒಂದೇ ದಿನ, ಒಂದೇ ಜಾಗದಿಂದ ತೆಗೆದ ಸ್ಯಾಂಪಲ್. ಹಾಗಾದರೆ ಯಾವ ಲ್ಯಾಬ್ ಎಡವಟ್ಟು ಮಾಡಿದೆ?

ಯಾವುದೂ ಮಾಡಿಲ್ಲ. ಹೆಚ್ಚಿನ ಸಲ ಎರಡೂ ಸರಿಯೇ ಇರುತ್ತವೆ, ಯಾಕೆಂದರೆ ಇವು ಕೇಳುವ ಪ್ರಶ್ನೆಯೇ ಬೇರೆ ಬೇರೆ. ಮನೆಯ ಬಾಗಿಲನ್ನು ನೆನೆಸಿಕೊಳ್ಳಿ. ಮರ ಎಲ್ಲಾದರೂ ಟೊಳ್ಳಾಗಿದೆಯಾ ಅಂತ ತಟ್ಟಿ ನೋಡೋದು ಒಂದು ಕೆಲಸ. ಮನೆಗೆ ಗೆದ್ದಲು ಬಂದಿದೆಯಾ ಅಂತ ಹುಡುಕೋದು ಇನ್ನೊಂದು. ಪ್ಯಾಪ್ ಮರ ತಟ್ಟುತ್ತದೆ, ಅಂದರೆ ಜೀವಕೋಶ ಕೆಟ್ಟಿದೆಯಾ ಅಂತ ನೋಡುತ್ತದೆ. ಎಚ್‌ಪಿವಿ ಟೆಸ್ಟ್ ಗೆದ್ದಲು, ಅಂದರೆ ವೈರಸ್ ಹುಡುಕುತ್ತದೆ. ಗೆದ್ದಲು ಬಂದಿದೆ, ಮರ ಇನ್ನೂ ಗಟ್ಟಿಯಾಗಿದೆ ಅನ್ನೋದರಲ್ಲಿ ವಿರೋಧ ಏನೂ ಇಲ್ಲ ಅಲ್ವಾ? (ಈ ಹೋಲಿಕೆಯಲ್ಲಿ ಒಂದು ಕೊರತೆ ಇದೆ. ಗೆದ್ದಲು ತಾನಾಗಿ ಹೊರಟುಹೋಗೋದಿಲ್ಲ, ಎಚ್‌ಪಿವಿ ಹೆಚ್ಚಿನವರಲ್ಲಿ ಹೊರಟುಹೋಗುತ್ತದೆ. ಇಡೀ ವಿಷಯದ ಗೊಂದಲ ಇರೋದೇ ಅಲ್ಲಿ, ಆ ಮಾತಿಗೆ ಆಮೇಲೆ ಬರ್ತೀನಿ.)

ಮೊದಲು ಜಾಗ ಯಾವುದು ಅಂತ ನೋಡೋಣ. ಗರ್ಭಕೋಶದ ಕೆಳಗಿನ ತುದಿ, ಯೋನಿಯೊಳಕ್ಕೆ ಸ್ವಲ್ಪ ಚಾಚಿಕೊಂಡಿರುವ ಭಾಗ, ಅದೇ ಗರ್ಭಕಂಠ. ಅದರ ಹೊರಮೈಯನ್ನು ಮುಚ್ಚಿರುವುದು ಚಪ್ಪಟೆಯಾದ, ಪದರ ಪದರವಾಗಿರುವ ಗಟ್ಟಿ ಜೀವಕೋಶಗಳು. ಒಳಗಿನ ಕಾಲುವೆಯನ್ನು ಮುಚ್ಚಿರುವುದು ಲೋಳೆ ಸುರಿಸುವ, ಒಂದೇ ಸಾಲಿನ ಮೃದು ಜೀವಕೋಶಗಳು. ಇವೆರಡೂ ಸೇರುವ ಒಂದು ಗಡಿ ಇದೆ. ವಯಸ್ಸಿಗೆ ಬಂದಾಗಿನಿಂದ ಆ ಗಡಿ ಒಂದೇ ಕಡೆ ನಿಲ್ಲೋದಿಲ್ಲ, ಸರಿಯುತ್ತಾ ಇರುತ್ತದೆ. ಒಂದು ಬಗೆಯ ಜೀವಕೋಶದ ಜಾಗವನ್ನು ಇನ್ನೊಂದು ಬಗೆ ತುಂಬಿಕೊಳ್ಳುತ್ತಾ ಹೋಗುತ್ತದೆ. ಸದಾ ಕಾಮಗಾರಿ ನಡೆಯುವ ರಸ್ತೆಯ ಹಾಗೆ. ಗರ್ಭಕಂಠದ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಇಲ್ಲೇ. ಸ್ಯಾಂಪಲ್ ತೆಗೆಯುವವರು ಬ್ರಷ್ ಹಾಕಿ ಅಷ್ಟೊಂದು ತಿರುಗಿಸುವುದೂ ಈ ಗಡಿ ತಪ್ಪಿಹೋಗದಿರಲಿ ಅಂತಲೇ.

ಇಲ್ಲಿಗೆ ಬರುವ ವೈರಸ್ಸಿನ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಕೈಕಾಲಿನ ಮೇಲೆ ನರುಳಿ ಎಬ್ಬಿಸಿ ಸುಮ್ಮನಾಗುತ್ತವೆ. ಕ್ಯಾನ್ಸರಿಗೆ ದಾರಿ ಮಾಡುವವು ಒಂದು ಡಜನ್ನಿನಷ್ಟು ಮಾತ್ರ, ಅದರಲ್ಲೂ 16 ಮತ್ತು 18 ಅನ್ನುವ ಎರಡು ನಂಬರಿನವೇ ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣ. ಈ ಸೋಂಕು ಎಷ್ಟು ಸಾಮಾನ್ಯ ಅಂದರೆ, ಲೈಂಗಿಕ ಸಂಪರ್ಕ ಇರುವ ಬಹುಪಾಲು ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಬದುಕಿನಲ್ಲಿ ಒಮ್ಮೆಯಾದರೂ ತಗಲುತ್ತದೆ. ಗೊತ್ತಾಗೋದೂ ಇಲ್ಲ. ಜ್ವರ ಇಲ್ಲ, ನೋವಿಲ್ಲ. 10ರಲ್ಲಿ 9 ಜನರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಅಡಗಿಸಿಬಿಡುತ್ತದೆ.

ಉಳಿದವರಲ್ಲಿ ವೈರಸ್ ಬಿಡಾರ ಹೂಡುತ್ತದೆ. ಅದು ತಯಾರಿಸುವ ಇ6 ಮತ್ತು ಇ7 ಅನ್ನುವ ಎರಡು ಪ್ರೋಟೀನುಗಳು ಜೀವಕೋಶದ ಎರಡು ಕಾವಲುಗಾರರನ್ನು ಕಟ್ಟಿಹಾಕುತ್ತವೆ. ಪಿ53 ಅನ್ನುವ ಕಾವಲುಗಾರನ ಕೆಲಸ ಕೆಟ್ಟ ಜೀವಕೋಶವನ್ನು ತಡೆದು ನಿಲ್ಲಿಸುವುದು. ಆರ್‌ಬಿ ಅನ್ನುವವನ ಕೆಲಸ ಅಪ್ಪಣೆ ಇಲ್ಲದೆ ಜೀವಕೋಶ ಇಬ್ಭಾಗವಾಗದಂತೆ ನೋಡಿಕೊಳ್ಳುವುದು. ಇಬ್ಬರೂ ಇಲ್ಲ ಅಂದಮೇಲೆ ಜೀವಕೋಶಗಳು ಅಡ್ಡಾದಿಡ್ಡಿ ಬೆಳೆಯತೊಡಗುತ್ತವೆ. ಆದರೂ ಒಂದೇ ಸಲಕ್ಕೆ ಕ್ಯಾನ್ಸರ್ ಆಗೋದಿಲ್ಲ. ಮೊದಲು ಕ್ಯಾನ್ಸರ್‌ಪೂರ್ವ ಹಂತಗಳು ಬರುತ್ತವೆ, ಡಾಕ್ಟರುಗಳು ಸಿಐಎನ್ 1, 2, 3 ಅಂತ ಕರೆಯುವುದು ಇವನ್ನೇ. 1 ಅಂದರೆ ಸೋಂಕಿನ ಗುರುತು ಅಷ್ಟೇ, ಹೆಚ್ಚಾಗಿ ತಾನೇ ಹೋಗುತ್ತದೆ. 3 ಹಾಗಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 1960ರ ಮತ್ತು 70ರ ದಶಕದಲ್ಲಿ ಒಂದಷ್ಟು ಹೆಂಗಸರಿಗೆ ಈ ಹಂತ ಇದೆ ಅಂತ ಗೊತ್ತಿದ್ದೂ, ಅವರಿಗೆ ಹೇಳದೆ, ಸರಿಯಾದ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತಾ ಕೂತರು. ಅದೊಂದು ಕೆಟ್ಟ ಕತೆ, 1988ರ ಸರ್ಕಾರಿ ವಿಚಾರಣೆಯ ವರದಿ ಅದನ್ನು ಬಯಲಿಗೆ ತಂದಿತು. ಆ ಹೆಂಗಸರ ದಾಖಲೆಗಳಿಂದಲೇ ಇವತ್ತು ನಮಗೆ ಗೊತ್ತಿರೋದು: ಮೂರನೇ ಹಂತವನ್ನು ಹಾಗೇ ಬಿಟ್ಟರೆ 30 ವರ್ಷದಲ್ಲಿ ಸುಮಾರು ಶೇ. 30 ಜನರಲ್ಲಿ ಅದು ಕ್ಯಾನ್ಸರ್ ಆಗುತ್ತದೆ.

ಸೋಂಕಿನಿಂದ ಕ್ಯಾನ್ಸರಿನ ತನಕದ ದಾರಿ ಸಾಮಾನ್ಯವಾಗಿ 15ರಿಂದ 20 ವರ್ಷ. ಎಚ್‌ಐವಿಗೆ ಚಿಕಿತ್ಸೆ ಸಿಗದೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5ರಿಂದ 10 ವರ್ಷಕ್ಕೆ ಇಳಿಯಬಹುದು. ಇಷ್ಟು ನಿಧಾನವಾಗಿ ಬರುವ, ಬರುವ ಮುಂಚೆ ಇಷ್ಟು ಗುರುತು ಬಿಡುವ ಕ್ಯಾನ್ಸರ್ ಅಪರೂಪ. ಆದರೂ 2022ರಲ್ಲಿ ಜಗತ್ತಿನಲ್ಲಿ ಸುಮಾರು 6.6 ಲಕ್ಷ ಹೆಂಗಸರಿಗೆ ಹೊಸದಾಗಿ ಬಂತು, ಸುಮಾರು 3.5 ಲಕ್ಷ ಜನ ತೀರಿಕೊಂಡರು. ಹೆಚ್ಚಿನವರು ಯಾವ ಟೆಸ್ಟನ್ನೂ ಮಾಡಿಸಿಕೊಳ್ಳೋ ಅವಕಾಶವೇ ಇಲ್ಲದ ಬಡ ದೇಶಗಳವರು.

ಈಗ ಪ್ಯಾಪ್ ವಿಷಯ. ಜಾರ್ಜ್ ಪ್ಯಾಪನಿಕೊಲಾವ್ ಅನ್ನುವ ಗ್ರೀಕ್ ಡಾಕ್ಟರ್ 1913ರಲ್ಲಿ ಅಮೆರಿಕಕ್ಕೆ ವಲಸೆ ಬಂದವರು. ನ್ಯೂಯಾರ್ಕಿನಲ್ಲಿ ಗಿನಿಯಿಲಿಗಳ ಮೇಲೆ ಕೆಲಸ ಮಾಡುತ್ತಿದ್ದರು. ಅವುಗಳ ಋತುಚಕ್ರ ಯಾವ ಹಂತದಲ್ಲಿದೆ ಅಂತ ಕೊಲ್ಲದೆ ತಿಳಿಯಬೇಕಿತ್ತು. ಮೂಗಿನೊಳಗೆ ನೋಡುವ ಪುಟ್ಟ ಉಪಕರಣವನ್ನು ಇಲಿಗೆ ಬಳಸಿ, ಯೋನಿಯ ದ್ರವ ಸ್ವಲ್ಪ ತೆಗೆದು ಗಾಜಿನ ಮೇಲೆ ಸವರಿ ನೋಡಿದರು. ಹೆಂಗಸರಲ್ಲೂ ಹೀಗೇ ಕಾಣಿಸುತ್ತದಾ ಅಂತ ಆಮೇಲೆ ಕುತೂಹಲ ಬಂತು. ಅದಕ್ಕೆ ವರ್ಷಗಟ್ಟಲೆ ಸ್ಯಾಂಪಲ್ ಕೊಟ್ಟವರು ಅವರ ಹೆಂಡತಿ ಆಂಡ್ರೊಮಾಕಿ. ಟೆಸ್ಟಿಗೆ ಗಂಡನ ಹೆಸರು ಬಂತು, ಆಕೆಯ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ. ಹಾಗೆ ನೋಡುತ್ತಾ ಇದ್ದಾಗ ಕೆಲವು ರೋಗಿಗಳ ಸ್ಯಾಂಪಲ್ಲಿನಲ್ಲಿ ಕ್ಯಾನ್ಸರ್ ಜೀವಕೋಶಗಳೂ ಕಾಣಿಸಿದವು. 1928ರಲ್ಲಿ ಅವರು ಇದನ್ನು ಒಂದು ಸಮ್ಮೇಳನದಲ್ಲಿ ಹೇಳಿದಾಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ರುಮೇನಿಯಾದ ಆರೆಲ್ ಬಾಬೆಶ್ ಕೂಡ ಇದೇ ಥರದ ವಿಧಾನ ಪ್ರಕಟಿಸಿದ್ದರು. ಕಡೆಗೆ 1940ರ ದಶಕದಲ್ಲಿ, ಹರ್ಬರ್ಟ್ ಟ್ರಾಟ್ ಅನ್ನುವ ಸ್ತ್ರೀರೋಗ ತಜ್ಞರ ಜೊತೆ ಸೇರಿ ಬರೆದ ಮೇಲೆ ಜಗತ್ತು ತಿರುಗಿ ನೋಡಿತು.

ವಿಧಾನ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಗರ್ಭಕಂಠದಿಂದ ಜೀವಕೋಶಗಳನ್ನು ಕೆರೆದು ತೆಗೆದು, ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಒಬ್ಬರು ಕೂತು ನೋಡುತ್ತಾರೆ. ಕೋಶದ ನಡುವಿನ ಬೀಜ ದಪ್ಪಗಾಗಿದೆಯಾ, ಕಪ್ಪಾಗಿದೆಯಾ, ಅಂಚು ಸೊಟ್ಟಗಿದೆಯಾ? ಒಂದು ಸ್ಲೈಡಿನಲ್ಲಿ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಜೀವಕೋಶ ಇರುತ್ತವೆ, ಕೆಟ್ಟವು ಅದರಲ್ಲಿ ಬೆರಳೆಣಿಕೆಯಷ್ಟೇ ಇರಬಹುದು. ದಿನವಿಡೀ ಕೂತು ನೋಡುವ ಕಣ್ಣಿಗೆ ಅವು ಬೀಳಬೇಕು. ಅದಕ್ಕೂ ಮೊದಲು ಬ್ರಷ್ಷಿಗೆ ಅಂಟಬೇಕು, ಬ್ರಷ್ಷಿನಿಂದ ಸ್ಲೈಡಿಗೆ ಇಳಿಯಬೇಕು, ರಕ್ತ ಮತ್ತು ಲೋಳೆಯ ಅಡಿಯಲ್ಲಿ ಮುಚ್ಚಿಹೋಗಬಾರದು. 1990ರ ದಶಕದಲ್ಲಿ ಬಂದ ದ್ರವ ವಿಧಾನದಲ್ಲಿ, ಬ್ರಷ್ಷನ್ನು ನೇರ ಒಂದು ದ್ರವದ ಬಾಟ್ಲಿಗೆ ಅದ್ದಿ, ಲ್ಯಾಬಿನಲ್ಲಿ ಜೀವಕೋಶಗಳ ತೆಳುವಾದ ಒಂದೇ ಪದರ ಮಾಡುತ್ತಾರೆ. ಇದರಿಂದ ಓದಲಾಗದ ಸ್ಲೈಡುಗಳು ಕಡಿಮೆಯಾದವು. ಕೆಟ್ಟದ್ದನ್ನು ಪತ್ತೆ ಹಚ್ಚುವ ತಾಕತ್ತು ಮಾತ್ರ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಅದಕ್ಕಿಂತ ದೊಡ್ಡ ಲಾಭ ಏನಂದರೆ, ಅದೇ ಬಾಟ್ಲಿಯಲ್ಲಿ ಉಳಿದ ದ್ರವದಿಂದ ಎಚ್‌ಪಿವಿ ಟೆಸ್ಟನ್ನೂ ಮಾಡಬಹುದು.

ಪ್ಯಾಪ್ ರಿಪೋರ್ಟಿನ ಭಾಷೆ ಒಂದು ತಲೆನೋವು. ಎಲ್‌ಸಿಲ್ ಅಂದರೆ ಸಣ್ಣ ಬದಲಾವಣೆ, ಎಚ್‌ಸಿಲ್ ಅಂದರೆ ಗಂಭೀರವಾದದ್ದು. ಎರಡರ ಮಧ್ಯೆ ಆಸ್ಕಸ್ ಇದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ, ಹಾಗಲ್ಲ. ಆಸ್ಕಸ್ ಅಂದರೆ "ಏನೋ ಸರಿ ಕಾಣ್ತಿಲ್ಲ, ಆದರೆ ಇದೇ ಅಂತ ಹೇಳಕ್ಕಾಗಲ್ಲ" ಅನ್ನುವ ಪ್ರಾಮಾಣಿಕ ಉತ್ತರ. ಇನ್ನು ಇನ್‌ಫ್ಲಮೇಟರಿ ಅಂತ ಬರೆದಿದ್ದರೆ ಅದು ಉರಿಯೂತದ ಮಾತು, ಕ್ಯಾನ್ಸರ್‌ಪೂರ್ವ ಬದಲಾವಣೆಯ ಮಾತಲ್ಲ.

ಕೊರತೆ ಹೇಳಿದೆ ಅಂತ ಪ್ಯಾಪ್ ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡಿ. ಫಿನ್ಲೆಂಡ್, ಐಸ್ಲೆಂಡ್ ಥರದ ದೇಶಗಳು 1960ರ ದಶಕದಲ್ಲೇ ಹೆಂಗಸರಿಗೆ ಕಾಗದ ಬರೆದು ಕರೆಸಿ, ಬರದಿದ್ದವರನ್ನು ಮತ್ತೆ ಕರೆದು, ಶಿಸ್ತಾಗಿ ಪ್ಯಾಪ್ ಮಾಡಿಸಿದವು, ಸಾವು ಕಣ್ಣಿಗೆ ಕಾಣುವಷ್ಟು ಇಳಿಯಿತು. ಗುಟ್ಟು ಇರುವುದು ಮತ್ತೆ ಮತ್ತೆ ಮಾಡುವುದರಲ್ಲಿ. ಒಂದು ಸಲದ ಪ್ಯಾಪ್‌ನಲ್ಲಿ ಅರ್ಧದಷ್ಟು ಕೇಸುಗಳು ಕೈತಪ್ಪಿಹೋಗುತ್ತವೆ ಅಂತಿಟ್ಟುಕೊಳ್ಳಿ. ಎರಡನೇ ಸಲಕ್ಕೆ ಕಾಲು ಭಾಗ ಉಳಿಯುತ್ತದೆ, ಮೂರನೇ ಸಲಕ್ಕೆ ಅರೆಕಾಲು. (ನಿಜದಲ್ಲಿ ಇಷ್ಟು ಚೊಕ್ಕವಾಗಿ ಇರಲ್ಲ. ಒಮ್ಮೆ ತಪ್ಪಿದ ಜಾಗ ಮತ್ತೂ ತಪ್ಪಬಹುದು.) ರೋಗ ನಿಧಾನ, ಟೆಸ್ಟ್ ಪದೇ ಪದೇ, ಹಾಗಾಗಿ ಎಲ್ಲೋ ಒಂದು ಕಡೆ ಸಿಕ್ಕಿಬೀಳುತ್ತದೆ. ಆದರೆ ಇದಕ್ಕೆ ತರಬೇತಿ ಪಡೆದ ಕಣ್ಣುಗಳು ಬೇಕು, ಒಳ್ಳೆ ಲ್ಯಾಬ್ ಬೇಕು, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬರಬಲ್ಲ ಹೆಂಗಸು ಬೇಕು. ಬದುಕಿನಲ್ಲಿ ಒಂದೋ ಎರಡೋ ಸಲ ಮಾತ್ರ ಟೆಸ್ಟ್ ಮಾಡಿಸಿಕೊಳ್ಳಲು ಸಾಧ್ಯವಾಗುವವರಿಗೆ ಅರ್ಧದಷ್ಟು ಕೈತಪ್ಪಿಹೋಗುವ ಟೆಸ್ಟ್ ಸಾಕಾಗಲ್ಲ. ಇನ್ನೊಂದು ವಿಷಯ, ಒಳಗಿನ ಕಾಲುವೆಯಲ್ಲಿ ಹುಟ್ಟುವ, ಲೋಳೆ ಸುರಿಸುವ ಜೀವಕೋಶಗಳ ಕ್ಯಾನ್ಸರನ್ನು ಹಿಡಿಯುವುದರಲ್ಲಿ ಪ್ಯಾಪ್ ಮೊದಲಿನಿಂದಲೂ ಹಿಂದೆ.

ವೈರಸ್ಸಿನ ಕತೆ ತಡವಾಗಿ ಶುರುವಾಯಿತು. 1970ರ ದಶಕದಲ್ಲಿ ಹೆಚ್ಚಿನವರ ಅನುಮಾನ ಇದ್ದದ್ದು ಹರ್ಪಿಸ್ ಅನ್ನುವ ಇನ್ನೊಂದು ವೈರಸ್ ಮೇಲೆ. ಆದರೆ ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್, ಹರ್ಪಿಸ್ ಅಲ್ಲ, ಇದು ಪ್ಯಾಪಿಲೋಮಾ ವೈರಸ್ಸಿನದೇ ಕೆಲಸ ಅಂತ ಹಟ ಹಿಡಿದರು. ಅವರ ತಂಡ 1983ರಲ್ಲಿ 16ನೇ ನಂಬರಿನದನ್ನೂ 1984ರಲ್ಲಿ 18ನೇದನ್ನೂ ಕ್ಯಾನ್ಸರ್ ಗಡ್ಡೆಗಳಲ್ಲಿ ಗುರುತಿಸಿ ತೋರಿಸಿತು. 2008ರಲ್ಲಿ ನೊಬೆಲ್ ಬಂತು. 1999ರ ಹೊತ್ತಿಗೆ, ಬೇರೆ ಬೇರೆ ದೇಶಗಳ ಗಡ್ಡೆಗಳನ್ನು ಮತ್ತೆ ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ ಶೇ. 99.7ರಲ್ಲಿ ಎಚ್‌ಪಿವಿ ಸಿಕ್ಕಿತ್ತು. ಒಂದು ಕ್ಯಾನ್ಸರಿಗೆ ಒಂದೇ ಕಾರಣ ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದು ಬೇರೆಲ್ಲೂ ಸುಲಭಕ್ಕೆ ಸಿಗಲ್ಲ.

ಕಾರಣ ಸಿಕ್ಕಮೇಲೆ ಅದನ್ನೇ ಹುಡುಕಿದರಾಯಿತಲ್ಲ. ಎಚ್‌ಪಿವಿ ಟೆಸ್ಟ್ ಮಾಡುವುದು ಅಷ್ಟೇ. ಸ್ಯಾಂಪಲ್ಲಿನಲ್ಲಿ ಅಪಾಯದ ಬಗೆಗಳ ಡಿಎನ್‌ಎ ಇದೆಯಾ ಅಂತ ಯಂತ್ರ ನೋಡುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಪಿಸಿಆರ್ ಇಲ್ಲೂ ಬಳಕೆಯಲ್ಲಿದೆ. ಕೆಲವು ಟೆಸ್ಟುಗಳು ಡಿಎನ್‌ಎ ಬದಲು ಇ6, ಇ7 ತಯಾರಿಸಲು ವೈರಸ್ ಹೊರಡಿಸುವ ಆರ್‌ಎನ್‌ಎಯನ್ನು ಹುಡುಕುತ್ತವೆ. ಕೆಲವು ಬರೀ ಇದೆ ಅಥವಾ ಇಲ್ಲ ಅನ್ನುತ್ತವೆ, ಕೆಲವು 16 ಮತ್ತು 18 ಬೇರೆ, ಉಳಿದವು ಬೇರೆ ಅಂತ ಬಿಡಿಸಿ ಹೇಳುತ್ತವೆ. ಇಲ್ಲಿ ಯಾರ ಕಣ್ಣಿನ ಅಂದಾಜೂ ಬೇಕಿಲ್ಲ. ಬೆಳಗಿನ ಸ್ಯಾಂಪಲ್ಲಿಗೂ ಸಂಜೆಯ ಸ್ಯಾಂಪಲ್ಲಿಗೂ ಯಂತ್ರಕ್ಕೆ ಒಂದೇ ಶ್ರದ್ಧೆ.

ಸರಿ, ಯಾವುದು ವಾಸಿ? ಯುರೋಪ್ ಮತ್ತು ಉತ್ತರ ಅಮೆರಿಕದ ಹಲವು ಅಧ್ಯಯನಗಳನ್ನು ಕೂಡಿಸಿ 2006ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಚಿಕಿತ್ಸೆ ಬೇಕಾಗಬಹುದಾದ ಹಂತದ ಬದಲಾವಣೆ ಇರುವ 100 ಹೆಂಗಸರಲ್ಲಿ ಎಚ್‌ಪಿವಿ ಟೆಸ್ಟ್ ಸುಮಾರು 96 ಜನರನ್ನು ಹಿಡಿಯಿತು, ಪ್ಯಾಪ್ 53 ಜನರನ್ನು. ಅದೇ ಬದಲಾವಣೆ ಇಲ್ಲದ 100 ಹೆಂಗಸರಲ್ಲಿ ಪ್ಯಾಪ್ 96 ಜನಕ್ಕೆ ಸರಿಯಾಗಿ "ಇಲ್ಲ" ಅಂದಿತು, ಎಚ್‌ಪಿವಿ 91 ಜನಕ್ಕೆ. ಲ್ಯಾಬಿನಿಂದ ಲ್ಯಾಬಿಗೆ ಪ್ಯಾಪ್‌ನ ಅಂಕಿ ಸುಮಾರಾಗಿ ಏರುಪೇರಾಗುತ್ತದೆ, ಎಚ್‌ಪಿವಿಯದು ಅಷ್ಟಾಗಿ ಅಲ್ಲ.

ಶೇಕಡಾ ಲೆಕ್ಕ ತಲೆಗೆ ಹೋಗಲ್ಲ, ಹಾಗಾಗಿ ಒಂದು ಉದಾಹರಣೆ ಕಟ್ಟೋಣ. 1,000 ಹೆಂಗಸರು ಬಂದಿದ್ದಾರೆ, ಅವರಲ್ಲಿ 10 ಜನಕ್ಕೆ ನಿಜವಾಗಿ ಆ ಹಂತದ ಬದಲಾವಣೆ ಇದೆ ಅಂತಿಟ್ಟುಕೊಳ್ಳಿ. ಮೇಲಿನ ಅಂಕಿಯನ್ನೇ ಹಾಕಿದರೆ ಪ್ಯಾಪ್ ಸುಮಾರು 45 ಜನರನ್ನು ಕರೆದು ನಿಲ್ಲಿಸುತ್ತದೆ, ಅವರಲ್ಲಿ 5 ಜನ ನಿಜವಾದವರು. ಉಳಿದ 5 ಜನ ನಾರ್ಮಲ್ ರಿಪೋರ್ಟ್ ಹಿಡಿದು ಮನೆಗೆ ಹೋಗುತ್ತಾರೆ. ಎಚ್‌ಪಿವಿ ಸುಮಾರು 99 ಜನರನ್ನು ನಿಲ್ಲಿಸುತ್ತದೆ, ಅವರಲ್ಲಿ 10ಕ್ಕೆ 10 ಅಥವಾ 9 ಸಿಕ್ಕಿರುತ್ತಾರೆ. ಆದರೆ ಸುಮಾರು 90 ಜನ ಸದ್ಯಕ್ಕೆ ಏನೂ ಇಲ್ಲದೆ ಪಾಸಿಟಿವ್ ಅನ್ನಿಸಿಕೊಂಡು ನಿದ್ದೆ ಕೆಡಿಸಿಕೊಳ್ಳುತ್ತಾರೆ.

ಈ ಲೆಕ್ಕವನ್ನು ನಾನು ಓದುವುದು ಹೀಗೆ: ಎಚ್‌ಪಿವಿ ಟೆಸ್ಟಿನ "ಇಲ್ಲ" ಅನ್ನುವ ಮಾತಿಗೆ ಬೆಲೆ ಜಾಸ್ತಿ, "ಇದೆ" ಅನ್ನುವ ಮಾತಿಗೆ ಕಡಿಮೆ. ಹಾಗಾಗಿ ಅದು ಮೊದಲ ಬಾಗಿಲಲ್ಲಿ ನಿಲ್ಲಲು ಲಾಯಕ್ಕು. ಒಳಗೆ ಬಿಟ್ಟುಕೊಂಡ 99 ಜನರಲ್ಲಿ ಯಾರಿಗೆ ತುರ್ತು ಅಂತ ಆರಿಸಲು ಪ್ಯಾಪ್ ಬೇಕು. 1,000 ಸ್ಲೈಡುಗಳ ಬದಲು 100 ನೋಡಬೇಕಾದಾಗ, ಅದೂ ವೈರಸ್ ಇದೆ ಅಂತ ಗೊತ್ತಿದ್ದು ನೋಡುವಾಗ, ಅದೇ ಕಣ್ಣು ಹೆಚ್ಚು ಚುರುಕಾಗುತ್ತದೆ. ಮಜಾ ಏನಂದರೆ, ಮೊದಲು ಈ ಕ್ರಮ ತಿರುಗುಮುರುಗಾಗಿತ್ತು. ಪ್ಯಾಪ್‌ನಲ್ಲಿ ಆಸ್ಕಸ್ ಬಂದರೆ ಅನುಮಾನ ಬಗೆಹರಿಸಲು ಎಚ್‌ಪಿವಿಯನ್ನು ಕರೆಯುತ್ತಿದ್ದರು. ಈಗ ಎಚ್‌ಪಿವಿ ಮುಂದೆ, ಪ್ಯಾಪ್ ಅದರ ಹಿಂದೆ.

ಹಂತಗಳನ್ನು ಹಿಡಿಯೋದು ಸರಿ, ಜೀವ ಉಳಿಯುತ್ತದಾ? ಇದಕ್ಕೆ ತೂಕದ ಉತ್ತರ ಬಂದದ್ದು ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಿಂದ. 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ಹಳ್ಳಿಗಳ ಗುಂಪುಗಳ ಪ್ರಕಾರ ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಎಚ್‌ಪಿವಿ ಟೆಸ್ಟ್, ಒಂದಕ್ಕೆ ಪ್ಯಾಪ್, ಒಂದಕ್ಕೆ ವಿನೆಗರ್ ಹಚ್ಚಿ ಬರಿಗಣ್ಣಲ್ಲಿ ನೋಡುವ ಪರೀಕ್ಷೆ, ಇನ್ನೊಂದಕ್ಕೆ ಎಂದಿನ ಆರೈಕೆ. ಟೆಸ್ಟ್ ಒಂದೇ ಒಂದು ಸಲ. ಎಂಟು ವರ್ಷ ಕಾದು 2009ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಎಚ್‌ಪಿವಿ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಉಳಿದೆರಡು ಟೆಸ್ಟಿನ ಗುಂಪುಗಳಲ್ಲಿ ಲೆಕ್ಕಕ್ಕೆ ಸಿಗುವಂಥ ಇಳಿಕೆ ಕಾಣಲಿಲ್ಲ. ಒಂದೇ ಸಲದ ಟೆಸ್ಟಿನಿಂದ ಇಷ್ಟು ವ್ಯತ್ಯಾಸ.

ಶ್ರೀಮಂತ ದೇಶಗಳ ಕತೆ ಸ್ವಲ್ಪ ಬೇರೆ, ಅಲ್ಲಿ ಪ್ಯಾಪ್ ಚೆನ್ನಾಗೇ ನಡೆಯುತ್ತಿತ್ತು. ಆದರೂ ಸ್ವೀಡನ್, ನೆದರ್ಲೆಂಡ್ಸ್, ಇಂಗ್ಲೆಂಡ್, ಇಟಲಿಗಳ ನಾಲ್ಕು ದೊಡ್ಡ ಪ್ರಯೋಗಗಳನ್ನು 2014ರಲ್ಲಿ ಒಟ್ಟಿಗೆ ನೋಡಿದಾಗ, ಪ್ಯಾಪ್‌ಗಿಂತ ಎಚ್‌ಪಿವಿ ಟೆಸ್ಟ್ ಕ್ಯಾನ್ಸರಿನಿಂದ ಶೇ. 60ರಿಂದ 70ರಷ್ಟು ಹೆಚ್ಚು ರಕ್ಷಣೆ ಕೊಟ್ಟಿತ್ತು. ಅದೇ ವರದಿಯಲ್ಲಿ ನನಗೆ ಇಷ್ಟವಾದ ಇನ್ನೊಂದು ಅಂಕಿ ಇದೆ. ಎಚ್‌ಪಿವಿ ನೆಗೆಟಿವ್ ಬಂದು ಐದೂವರೆ ವರ್ಷವಾದ ಹೆಂಗಸಿಗೆ ಕ್ಯಾನ್ಸರ್ ಬರುವ ಸಾಧ್ಯತೆ, ಪ್ಯಾಪ್ ನಾರ್ಮಲ್ ಬಂದು ಮೂರೂವರೆ ವರ್ಷವಾದ ಹೆಂಗಸಿಗಿಂತ ಕಡಿಮೆ ಇತ್ತು.

ಟೆಸ್ಟುಗಳ ನಡುವಿನ ಅಂತರ ಯಾಕೆ ಹೆಚ್ಚಾಯಿತು ಅನ್ನೋದಕ್ಕೆ ಇದೇ ಉತ್ತರ. ಪ್ಯಾಪ್ ನಾರ್ಮಲ್ ಅಂದರೆ ಇವತ್ತಿನ ಫೋಟೋ ಚೆನ್ನಾಗಿದೆ ಅಂತ, ನಾಳೆಯದು ಅದಕ್ಕೆ ಗೊತ್ತಿಲ್ಲ. ಎಚ್‌ಪಿವಿ ನೆಗೆಟಿವ್ ಅಂದರೆ ಕಾರಣವೇ ಅಲ್ಲಿಲ್ಲ. ನಾಳೆಯೇ ಹೊಸದಾಗಿ ಸೋಂಕು ತಗುಲಿದರೂ ಅದು ಕ್ಯಾನ್ಸರ್ ಆಗಲು ಹತ್ತಾರು ವರ್ಷ ಬೇಕು, ಅಷ್ಟರೊಳಗೆ ಮುಂದಿನ ಟೆಸ್ಟ್ ಬಂದೇ ಬರುತ್ತದೆ. ಹಾಗಂತ ಜನಕ್ಕೆ ಇದನ್ನು ತಿಳಿಸಿ ಹೇಳಬೇಕು. 2017ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಎರಡು ವರ್ಷಕ್ಕೊಮ್ಮೆಯ ಪ್ಯಾಪ್ ಕೈಬಿಟ್ಟು ಐದು ವರ್ಷಕ್ಕೊಮ್ಮೆ ಎಚ್‌ಪಿವಿಗೆ ಹೊರಳುವ ಮೊದಲೇ ವಿರೋಧದ ಅರ್ಜಿಗೆ ಸಾವಿರಾರು ಸಹಿ ಬಿದ್ದವು. 2022ರ ಜನವರಿಯಲ್ಲಿ ವೇಲ್ಸ್ ಮೂರು ವರ್ಷವನ್ನು ಐದಕ್ಕೆ ಏರಿಸಿದಾಗ ಲಕ್ಷಗಟ್ಟಲೆ ಸಹಿ. ದುಡ್ಡು ಉಳಿಸೋಕೆ ಹೆಂಗಸರ ಜೀವದ ಜೊತೆ ಆಟ ಆಡ್ತಿದ್ದಾರೆ ಅಂತ ಜನ ಸಿಟ್ಟಾದರು. ಸಿಟ್ಟು ತಪ್ಪಲ್ಲ, ಯಾಕೆಂದರೆ ಟೆಸ್ಟ್ ಬದಲಾಗಿದೆ ಅನ್ನೋದನ್ನೇ ಅವರಿಗೆ ಯಾರೂ ನೆಟ್ಟಗೆ ಹೇಳಿರಲಿಲ್ಲ. ಸರಿಯಾಗಿ ವಿವರಿಸಲಿಲ್ಲ ಅಂತ ಅಲ್ಲಿನ ಆರೋಗ್ಯ ಸಂಸ್ಥೆ ಆಮೇಲೆ ಕ್ಷಮೆ ಕೇಳಿತು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು: 30ನೇ ವಯಸ್ಸಿನಿಂದ ಶುರುಮಾಡಿ, 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಡಿಎನ್‌ಎ ಟೆಸ್ಟ್. ಎಚ್‌ಐವಿ ಇರುವವರಿಗೆ 25ರಿಂದ, 3ರಿಂದ 5 ವರ್ಷಕ್ಕೊಮ್ಮೆ. ಎಚ್‌ಪಿವಿ ಟೆಸ್ಟ್ ಸಿಗದ ಕಡೆ ಮೂರು ವರ್ಷಕ್ಕೊಮ್ಮೆ ಪ್ಯಾಪ್, ಇಲ್ಲವೇ ಆ ವಿನೆಗರ್ ಪರೀಕ್ಷೆ. ಅಮೆರಿಕದಲ್ಲಿ ಇನ್ನೂ ಎರಡು ಮೂರು ದಾರಿ ಜೊತೆಜೊತೆಗೆ ಇವೆ. 21ರಿಂದ 29ರ ತನಕ ಪ್ಯಾಪ್ ಅನ್ನುವವರು ಇದ್ದಾರೆ, 25ರಿಂದಲೇ ಎಚ್‌ಪಿವಿ ಅನ್ನುವವರೂ ಇದ್ದಾರೆ. ದೇಶಕ್ಕೊಂದು ನಿಯಮ ಇರುವುದಕ್ಕೆ ವಿಜ್ಞಾನ ಅಷ್ಟೇ ಕಾರಣ ಅಲ್ಲ, ಹಣ, ಲ್ಯಾಬು, ಹಳೆಯ ರೂಢಿ ಎಲ್ಲವೂ ಸೇರಿರುತ್ತದೆ.

20ರ ಆಸುಪಾಸಿನವರಿಗೆ ಯಾಕೆ ಎಚ್‌ಪಿವಿ ಟೆಸ್ಟ್ ಬೇಡ ಅನ್ನುತ್ತಾರೆ? ಈಗ ಮೇಲೆ ಬಿಟ್ಟ ಮಾತಿಗೆ ಬಂದೆವು. ಆ ವಯಸ್ಸಿನಲ್ಲಿ ಸೋಂಕು ಬಂದು ಹೋಗುವುದು ನೆಗಡಿಯಷ್ಟೇ ಮಾಮೂಲಿ. ಟೆಸ್ಟ್ ಮಾಡಿದರೆ ರಾಶಿ ರಾಶಿ ಪಾಸಿಟಿವ್, ಅದರಲ್ಲಿ ಹೆಚ್ಚಿನವು ತಾವಾಗಿ ಹೋಗುವಂಥವು. ಸುಮ್ಮನೆ ಹೋಗುತ್ತಿದ್ದದ್ದನ್ನು ಹುಡುಕಿ, ಹೆದರಿ, ಗರ್ಭಕಂಠದ ತುಂಡು ಕತ್ತರಿಸಿದರೆ ಮುಂದೆ ಬಸುರಿಯಾದಾಗ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಸ್ವಲ್ಪ ಹೆಚ್ಚುತ್ತದೆ. 30 ದಾಟಿದ ಮೇಲೆ ಸಿಗುವ ಪಾಸಿಟಿವ್ ಬಿಡಾರ ಹೂಡಿದ ಸೋಂಕಾಗಿರುವ ಸಾಧ್ಯತೆ ಜಾಸ್ತಿ, ಹಾಗಾಗಿ ಅದಕ್ಕೆ ಅರ್ಥವೂ ಜಾಸ್ತಿ.

ಪಾಸಿಟಿವ್ ಬಂದ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ, ಯಾರೂ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಲ್ಲ: ಇದು ಯಾರಿಂದ ಬಂತು, ಯಾವಾಗ ಬಂತು? ಟೆಸ್ಟಿಗೆ ಇದನ್ನು ಹೇಳಲು ಬರಲ್ಲ. ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಟೆಸ್ಟಿಗೆ ಸಿಗದಷ್ಟು ಅಡಗಿದ್ದು, ಆಮೇಲೆ ಮತ್ತೆ ತಲೆ ಎತ್ತಬಹುದು. ಹತ್ತು ವರ್ಷದ ಹಿಂದಿನದೂ ಇರಬಹುದು, ಮದುವೆಗೆ ಮುಂಚಿನದೂ ಇರಬಹುದು, ಇಬ್ಬರಲ್ಲಿ ಯಾರದೂ ಇರಬಹುದು. ಈ ರಿಪೋರ್ಟ್ ಹಿಡಿದು ಸಂಸಾರದಲ್ಲಿ ಪಂಚಾಯ್ತಿ ಮಾಡುವುದರಲ್ಲಿ ಅರ್ಥವೇ ಇಲ್ಲ.

ಎಚ್‌ಪಿವಿ ಟೆಸ್ಟಿಗೆ ಇರುವ, ಪ್ಯಾಪ್‌ಗೆ ಎಂದೂ ಬರದ ಒಂದು ಅನುಕೂಲ ಅಂದರೆ ಸ್ಯಾಂಪಲ್ಲನ್ನು ನಾವೇ ತೆಗೆದುಕೊಳ್ಳಬಹುದು. ಪ್ಯಾಪ್‌ಗೆ ಆ ಗಡಿಯ ಜೀವಕೋಶಗಳೇ ಬೇಕು, ಅದೂ ರೂಪ ಕೆಡದೆ. ಅದನ್ನು ನಮ್ಮ ಕೈಯಿಂದ ತೆಗೆಯಲು ಆಗಲ್ಲ. ವೈರಸ್ಸಿನ ಡಿಎನ್‌ಎ ಹಾಗಲ್ಲ, ಉದುರಿದ ಜೀವಕೋಶಗಳ ಜೊತೆ ಯೋನಿಯ ಒಳಗೂ ಇರುತ್ತದೆ. ಒಂದು ಕಡ್ಡಿಯನ್ನು ಒಳಗೆ ಹಾಕಿ ಕೆಲವು ಸೆಕೆಂಡು ತಿರುಗಿಸಿ ತೆಗೆದರೆ ಸಾಕು. ಪಿಸಿಆರ್ ಬಗೆಯ ಟೆಸ್ಟ್ ಆದರೆ ಡಾಕ್ಟರ್ ತೆಗೆದ ಸ್ಯಾಂಪಲ್ಲಿಗೆ ಹೆಚ್ಚುಕಮ್ಮಿ ಸರಿಸಮನಾಗಿ ಕೆಲಸ ಮಾಡುತ್ತದೆ. ಮಂಚದ ಮೇಲೆ ಕಾಲು ಅಗಲಿಸಿ ಮಲಗುವ ಮುಜುಗರಕ್ಕೇ ಟೆಸ್ಟ್ ಬೇಡ ಅಂದವರು ಎಷ್ಟೋ ಜನ. ಅವರಿಗೆ ಇದು ಸಣ್ಣ ಸಂಗತಿಯಲ್ಲ. ಆಸ್ಟ್ರೇಲಿಯಾ 2022ರ ಜುಲೈನಿಂದ ಟೆಸ್ಟಿಗೆ ಬರುವ ಎಲ್ಲರಿಗೂ ಈ ಆಯ್ಕೆ ಕೊಟ್ಟಿದೆ. ಪಾಸಿಟಿವ್ ಬಂದರೆ ಮುಂದಿನ ಪರೀಕ್ಷೆಗೆ ಹೋಗಲೇಬೇಕಾಗಬಹುದು. ಆದರೆ ಹೆಚ್ಚಿನವರಿಗೆ ನೆಗೆಟಿವ್ ಬರುತ್ತದಲ್ಲ.

ಎರಡನ್ನೂ ಒಟ್ಟಿಗೆ ಮಾಡಿಸಿಬಿಟ್ಟರೆ ಇನ್ನೂ ಒಳ್ಳೇದಲ್ವಾ ಅಂತ ಕೇಳುವವರಿದ್ದಾರೆ. ಕೋಟೆಸ್ಟ್ ಅಂತ ಅದಕ್ಕೆ ಹೆಸರೂ ಇದೆ. ಲಾಭ ಇದೆ, ಆದರೆ ಅಂದುಕೊಂಡಷ್ಟು ಇಲ್ಲ. ಆ ಜೋಡಿಯಲ್ಲಿ ದುಡಿಯುವುದು ಹೆಚ್ಚಾಗಿ ಎಚ್‌ಪಿವಿಯೇ. ಪ್ಯಾಪ್ ಹೆಚ್ಚುವರಿಯಾಗಿ ಹಿಡಿಯುವುದು ಬೆರಳೆಣಿಕೆ, ಅದರ ಜೊತೆಗೆ ಅನುಮಾನದ ರಿಪೋರ್ಟುಗಳೂ ಬರುತ್ತವೆ. ಎಚ್‌ಪಿವಿ ಇಲ್ಲದೆಯೂ ಗರ್ಭಕಂಠದಲ್ಲಿ ಕ್ಯಾನ್ಸರ್ ಬರುವುದುಂಟು, ಅಪರೂಪಕ್ಕೆ, ಹೆಚ್ಚಾಗಿ ಒಳಗಿನ ಕಾಲುವೆಯ ಒಂದು ಬಗೆ. ಅವನ್ನು ಪ್ಯಾಪ್ ಕೂಡ ಚೆನ್ನಾಗಿ ಹಿಡಿಯಲ್ಲ.

ಹಾಗಾಗಿ ಯಾವ ಟೆಸ್ಟ್ ಏನೇ ಹೇಳಿರಲಿ, ಲೈಂಗಿಕ ಸಂಪರ್ಕದ ನಂತರ ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋದರೆ, ಎರಡು ಮುಟ್ಟಿನ ಮಧ್ಯೆ ಕಾರಣವಿಲ್ಲದೆ ರಕ್ತ ಕಂಡರೆ, ಕೆಟ್ಟ ವಾಸನೆಯ ಸ್ರಾವ ನಿಲ್ಲದೇ ಇದ್ದರೆ ಡಾಕ್ಟರ್ ನೋಡಲೇಬೇಕು. ಸ್ಕ್ರೀನಿಂಗ್ ಇರುವುದು ಏನೂ ತೊಂದರೆ ಇಲ್ಲದವರಿಗೆ. ತೊಂದರೆ ಇದ್ದವರಿಗೆ ಹೋದ ವರ್ಷದ ನೆಗೆಟಿವ್ ರಿಪೋರ್ಟ್ ಉತ್ತರ ಅಲ್ಲ. ಲಸಿಕೆ ಹಾಕಿಸಿಕೊಂಡವರೂ ಟೆಸ್ಟ್ ಬಿಡಬಾರದು, ಲಸಿಕೆ ಎಲ್ಲ ಅಪಾಯದ ಬಗೆಗಳಿಗೂ ಅಡ್ಡ ನಿಲ್ಲಲ್ಲ, ಹಾಕಿಸಿಕೊಳ್ಳುವ ಮೊದಲೇ ಬಂದ ಸೋಂಕನ್ನು ಓಡಿಸುವುದೂ ಇಲ್ಲ.

ಮೊದಲಿನ ಆ ಎರಡು ರಿಪೋರ್ಟಿಗೆ ವಾಪಸ್ ಬರೋಣ. ಪ್ಯಾಪ್ ನಾರ್ಮಲ್, ಎಚ್‌ಪಿವಿ ಪಾಸಿಟಿವ್. ಮುಂದೇನು ಅನ್ನುವುದು ನಂಬರಿನ ಮೇಲೆ ನಿಂತಿದೆ, ಆದ್ದರಿಂದ ರಿಪೋರ್ಟಿನಲ್ಲಿ 16 ಅಥವಾ 18 ಅಂತ ಬೇರೆಯಾಗಿ ಬರೆದಿದೆಯಾ ನೋಡಿ. ಬರೆದಿದ್ದರೆ ಪ್ಯಾಪ್ ನಾರ್ಮಲ್ ಇದ್ದರೂ ಸಾಮಾನ್ಯವಾಗಿ ಕಾಲ್ಪೋಸ್ಕೋಪಿಗೆ ಕಳಿಸುತ್ತಾರೆ. ಅಂದರೆ ದೊಡ್ಡದಾಗಿ ತೋರಿಸುವ ಮಸೂರದಿಂದ ಗರ್ಭಕಂಠವನ್ನು ನೇರವಾಗಿ ನೋಡುವುದು. ತೆಳು ಅಸೆಟಿಕ್ ಆಮ್ಲ ಹಚ್ಚಿದಾಗ ಕೆಟ್ಟ ಜಾಗ ಬೆಳ್ಳಗಾಗುತ್ತದೆ, ಅನುಮಾನ ಬಂದರೆ ಅಲ್ಲಿಂದ ಅಕ್ಕಿಕಾಳಿನಷ್ಟು ತುಂಡು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್‌ಪೂರ್ವ ಹಂತ ಇದೆಯೋ ಇಲ್ಲವೋ ಅಂತ ಕಡೆಯ ಮಾತು ಹೇಳುವುದು ಆ ತುಂಡು, ಮೊದಲಿನ ಎರಡು ಟೆಸ್ಟುಗಳಲ್ಲ. ಉಳಿದ ಬಗೆಗಳಾದರೆ ಬಹುತೇಕ ಕಡೆ ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್ ಮಾಡುತ್ತಾರೆ. ಆ ಒಂದು ವರ್ಷ ಕಾಯಿಸುವುದು ನಿರ್ಲಕ್ಷ್ಯ ಅಲ್ಲ, ದೇಹಕ್ಕೆ ತನ್ನ ಕೆಲಸ ಮಾಡಲು ಕೊಡುವ ಸಮಯ. ಮತ್ತೆ ಪಾಸಿಟಿವ್ ಬಂದರೆ ಬಿಡಾರ ಹೂಡಿದೆ ಅಂತ ಗೊತ್ತಾಗುತ್ತದೆ, ಆಗ ಕಾಲ್ಪೋಸ್ಕೋಪಿ. ನೆಗೆಟಿವ್ ಬಂದರೆ ಹಳೆಯ ಸೋಂಕನ್ನು ದೇಹ ಹತೋಟಿಗೆ ತಂದಿದೆ. ಅದು ಗೊತ್ತಾಗಬೇಕಾದರೆ ಮರುಟೆಸ್ಟಿನ ತಾರೀಕು ತಪ್ಪಿಸಬಾರದು, ಈಗಲೇ ಫೋನಿನಲ್ಲಿ ಗುರುತು ಹಾಕಿಡಿ, ಹಳೆಯ ಎರಡೂ ರಿಪೋರ್ಟುಗಳನ್ನು ಆ ದಿನ ಜೊತೆಗೆ ಒಯ್ಯಿರಿ.